ಬಾಲ್ ಪೈಥಾನ್‌ಗೆ ನಾಲ್ಕಡಿಯ ಗಾಜಿನ ಗೂಡು: ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕಟ್ಟಿದ ಅನುಭವ

ನಮ್ಮ ಮನೆಯ ಸಣ್ಣ ಕೋಣೆಯಲ್ಲಿ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ಗೂಡೊಂದು ಈಗ ಸಿದ್ಧವಾಗಿದೆ. ಅದರಲ್ಲಿ ಗೌರಿ ಎಂಬ ಹೆಣ್ಣು ಬಾಲ್ ಪೈಥಾನ್ ಹಾವು ವಾಸವಾಗಿದ್ದಾಳೆ. ಮಳೆಗಾಲದ ನಡುವೆ ಕೈಹಾಕಿದ ಈ ಕೆಲಸ ಮುಗಿಯುವಷ್ಟರಲ್ಲಿ ಚಳಿ ಹಿಡಿದಿತ್ತು. ಗಾಜಿನ ಅಂಗಡಿಯವರಿಗೆ ಹಾವಿನ ವಿಷಯ ಗೊತ್ತಿಲ್ಲ, ಹಾವು ಸಾಕುವವರಿಗೆ ಗಾಜಿನ ವಿಷಯ ಗೊತ್ತಿಲ್ಲ, ಕರೆಂಟ್ ಕೆಲಸದವರಿಗೆ ಎರಡೂ ಹೊಸದು. ಹೀಗಾಗಿ ನನಗೆ ಬೇಕಾಗಿದ್ದ ಉತ್ತರಗಳು ಹತ್ತು ಕಡೆ ಚದುರಿಹೋಗಿದ್ದವು. ಇದೇ ದಾರಿಯಲ್ಲಿ ಮುಂದೆ ಬರುವವರಿಗೆ ಅವೆಲ್ಲ ಒಂದೆಡೆ ಸಿಗಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ನಮ್ಮ ನೆಲದ ನಾಗರಹಾವು, ಕೇರೆ, ಹೆಬ್ಬಾವು ಇವುಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕೆ ಗಾಜಿನ ಗೂಡು ಕಟ್ಟುವ ಪ್ರಶ್ನೆಯೇ ಬರುವುದಿಲ್ಲ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು, ವಿಷವಿಲ್ಲದ್ದು. ಹೆದರಿದಾಗ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಆ ಹೆಸರು. ಇದು ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಇಂತಹ ವಿದೇಶಿ ಜೀವಿಗಳ ಒಡೆತನವೂ ಕಾಯ್ದೆಯ ಒಳಗೆ ಬಂದಿತು. 2024ರ ಫೆಬ್ರವರಿ ಕೊನೆಯಲ್ಲಿ ಪ್ರಕಟವಾದ ನಿಯಮಗಳು ಆಗಲೇ ಪ್ರಾಣಿಯನ್ನು ಸಾಕುತ್ತಿದ್ದವರಿಗೆ ಆರು ತಿಂಗಳ ಗಡುವು ಕೊಟ್ಟವು. ಆನಂತರ ಪಡೆದುಕೊಂಡವರು 30 ದಿನಗಳೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಜಾಲತಾಣದಲ್ಲಿ ವರದಿ ಮಾಡಿ ನೋಂದಣಿಗೆ ಅರ್ಜಿ ಹಾಕಬೇಕು. ಮರಿಯಾದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು.

ಗೌರಿ ನನಗೆ ಬಂದದ್ದು ಸ್ನೇಹಿತರ ಮನೆಯಿಂದ. ಅವರು ಕೆಲಸದ ಮೇಲೆ ದೇಶ ಬಿಟ್ಟು ಹೋಗಬೇಕಾಗಿತ್ತು, ಮತ್ತು ಗಡುವಿನೊಳಗೆ ಆಕೆಯನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಿದ್ದರು. ಅವರ ನೋಂದಣಿ ಪತ್ರದ ಪ್ರತಿ, ಆಕೆಯನ್ನು ನನಗೆ ಒಪ್ಪಿಸಿದ್ದೇನೆ ಎಂದು ಅವರು ಸಹಿ ಮಾಡಿದ ಪತ್ರ, ನನ್ನ ಗುರುತಿನ ಚೀಟಿ, ತೂಕ ಮತ್ತು ಆರೋಗ್ಯದ ಬಗ್ಗೆ ಪಶುವೈದ್ಯರು ಬರೆದುಕೊಟ್ಟ ಚೀಟಿ, ಬೆನ್ನಿನ ಗುರುತುಗಳು ಸ್ಪಷ್ಟವಾಗಿ ಕಾಣುವ ಫೋಟೊಗಳು ಇವಿಷ್ಟನ್ನು ನಾನು ಜೊತೆಗೂಡಿಸಿದೆ. ಪ್ರತಿ ಹಾವಿನ ಬೆನ್ನಿನ ಮೇಲಿನ ಮಚ್ಚೆಗಳ ವಿನ್ಯಾಸ ಬೇರೆಯಾಗಿರುತ್ತದೆ. ಆದ್ದರಿಂದ ಬೆಳಗಿನ ಬೆಳಕಿನಲ್ಲಿ, ಬಿಳಿ ಬಟ್ಟೆಯ ಮೇಲೆ ಮಲಗಿಸಿ ತೆಗೆದ ಫೋಟೊ ಗುರುತಿನ ದಾಖಲೆಯಾಗಿ ಉಪಯೋಗಕ್ಕೆ ಬರುತ್ತದೆ. ಪತ್ರವಿಲ್ಲದೆ, "ಆಮೇಲೆ ಮಾಡಿಸಿಕೊಡ್ತೀವಿ" ಎನ್ನುವವರಿಂದ ಹಾವನ್ನು ದಯವಿಟ್ಟು ಕೊಳ್ಳಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್‌ಗಳು ಸಿಕ್ಕಿದ್ದವು. ಅಂತಹ ಪ್ರಯಾಣದಲ್ಲಿ ಆ ಜೀವಗಳು ಅನುಭವಿಸುವುದನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಆಕೆ ಬಂದಾಗ ಇದ್ದದ್ದು ಮೂರಡಿಗಿಂತ ಕಡಿಮೆ ಉದ್ದದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ. ಅದು ಕೆಟ್ಟ ವ್ಯವಸ್ಥೆಯೇನಲ್ಲ. ಶಾಖ ಮತ್ತು ತೇವ ಅದರಲ್ಲಿ ಚೆನ್ನಾಗಿ ನಿಲ್ಲುತ್ತವೆ. ಆದರೆ ಸುಮಾರು ನಾಲ್ಕಡಿ ಬೆಳೆದ ಹಾವು ಅದರಲ್ಲಿ ಒಮ್ಮೆಯೂ ಮೈ ನೀಡಿ ಮಲಗುವಂತಿರಲಿಲ್ಲ. ಈ ಜಾತಿಯ ಹಾವುಗಳು ಸಾಕಣೆಯಲ್ಲಿ 20ರಿಂದ 30 ವರ್ಷ ಬಾಳುತ್ತವೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಹೆಣ್ಣು ಬಾಲ್ ಪೈಥಾನ್ 2020ರಲ್ಲಿ ಮೊಟ್ಟೆ ಇಟ್ಟದ್ದು ಸುದ್ದಿಯಾಗಿತ್ತು. ಅಷ್ಟು ದೀರ್ಘ ಆಯಸ್ಸನ್ನು ಸುರುಳಿಯಾಗಿಯೇ ಕಳೆಯುವಂತೆ ಮಾಡಲು ನನಗೆ ಮನಸ್ಸಾಗಲಿಲ್ಲ. ಹಾವಿನ ಉದ್ದಕ್ಕಿಂತ ಗೂಡಿನ ಉದ್ದ ಕಡಿಮೆಯಾಗಬಾರದು ಎಂಬ ಲೆಕ್ಕದಲ್ಲಿ ನಾಲ್ಕು-ಎರಡು-ಎರಡು ಅಡಿಯ ಅಳತೆಯನ್ನು ಗೊತ್ತುಮಾಡಿದೆ.

ಮನೆ ಮಾಲೀಕರನ್ನು ಒಪ್ಪಿಸುವುದು ಗಾಜು ಕೊಳ್ಳುವುದಕ್ಕಿಂತ ಮುಂಚಿನ ಕೆಲಸ. "ವಿಷ ಇಲ್ಲ ಅಂತೀರ, ಸರಿ. ಅದು ಆಚೆ ಬಂದು ಕೆಳಗಿನ ಮನೆ ಮಕ್ಕಳ ಹತ್ರ ಹೋದ್ರೆ ಯಾರು ಜವಾಬ್ದಾರಿ?" ಎಂದು ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗೂಡಿಗೆ ಬೀಗವಿರುತ್ತದೆ, ಕೋಣೆಯ ಬಾಗಿಲ ಕೆಳಗಿನ ಸಂದನ್ನು ಮುಚ್ಚುತ್ತೇನೆ, ನೆಲಕ್ಕೆ ಹಾನಿಯಾದರೆ ಸರಿಪಡಿಸಿಕೊಡುತ್ತೇನೆ ಎಂದು ಬರೆದು, ನೋಂದಣಿಯ ಕಾಗದಗಳ ಪ್ರತಿ ಲಗತ್ತಿಸಿ, ಅವರ ಒಪ್ಪಿಗೆಯ ಸಹಿ ಪಡೆದೆ. ಕೆಳಗಿನ ಮನೆಯವರನ್ನೂ ಕರೆದು ತೋರಿಸಿದೆ. ತೀರ್ಥಹಳ್ಳಿಯಿಂದ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ದಿನಾ ಹಾಲು ಇಡ್ಬೇಕನಾ?" "ಇಲ್ಲಮ್ಮ, ನೀರು ಸಾಕು," ಎಂದೆ. ಹಾವಿನ ದೇಹಕ್ಕೆ ಹಾಲು ಒಗ್ಗುವುದಿಲ್ಲ ಎಂಬುದನ್ನು ನಂಬಲು ಅವರಿಗೆ ಸ್ವಲ್ಪ ಕಾಲ ಬೇಕಾಯಿತು, ಆದರೆ ಬೇಡವೆಂದು ಅವರು ಒಮ್ಮೆಯೂ ಹೇಳಲಿಲ್ಲ.

ಇನ್ನು ಗೂಡಿನ ನಕ್ಷೆ. ಎಲ್ಲರಿಗೂ ಒತ್ತಿ ಹೇಳಬೇಕೆನಿಸುವುದು ಇಲ್ಲಿಯೇ: ಗಾಜಿನ ಅಳತೆ ಬರೆಯುವ ಮೊದಲು ಶಾಖ ಎಲ್ಲಿಂದ ಬರುತ್ತದೆ, ಗಾಳಿ ಎಲ್ಲಿಂದ ಒಳಬಂದು ಎಲ್ಲಿಂದ ಹೊರಹೋಗುತ್ತದೆ, ವೈರು ಎಲ್ಲಿ ಹಾಯುತ್ತದೆ ಎಂಬುದನ್ನು ಕಾಗದದ ಮೇಲೆ ತೀರ್ಮಾನಿಸಬೇಕು. ಗಾಜು ಮರದಂತಲ್ಲ. ಜೋಡಿಸಿದ ಮೇಲೆ ಅದರಲ್ಲಿ ರಂಧ್ರ ಕೊರೆಯುವುದು ಬಹಳ ಕಷ್ಟ, ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜಾದರೆ ಅಸಾಧ್ಯ. ಕೊರೆಯಲು ಹೋದರೆ ಇಡೀ ಹಾಳೆ ಪುಡಿಯಾಗುತ್ತದೆ. ಗಾಜು ಶಾಖವನ್ನು ಬೇಗ ಬಿಟ್ಟುಕೊಡುತ್ತದೆ ಎಂಬುದೂ ನೆನಪಿನಲ್ಲಿರಬೇಕು. ತಳದ ಗಾಜಿಗೆ ಹೀಟ್ ಪ್ಯಾಡ್ ಅಂಟಿಸುವುದನ್ನು ಹಲವರು ಸೂಚಿಸಿದರು. ಆದರೆ ಮೇಲೆ ಒದ್ದೆ ತೆಂಗಿನ ನಾರಿನ ಹಾಸು, ಕೆಳಗೆ ಒಂದೇ ಜಾಗದಲ್ಲಿ ಬಿಸಿ, ಒಟ್ಟು ಭಾರ ಬೇರೆ ಇರುವಾಗ ಗಾಜು ಬಿರುಕು ಬಿಡುವ ಅಪಾಯವಿದೆ. ಹಾವಿನ ಹೊಟ್ಟೆ ಸುಡುವ ಅಪಾಯವೂ ಇದೆ. ಆದ್ದರಿಂದ ಮೇಲಿನಿಂದ ಶಾಖ ಕೊಡುವ ಸೆರಾಮಿಕ್ ಹೀಟರನ್ನು ಆರಿಸಿಕೊಂಡೆ. ಅದು ಬೆಳಕು ಕೊಡುವುದಿಲ್ಲ, ಹೀಗಾಗಿ ರಾತ್ರಿಯೂ ಉರಿಸಬಹುದು.

ಮುಚ್ಚಳದ ಅರ್ಧಭಾಗ ಸ್ಟೀಲ್ ಜಾಲರಿ, ಅರ್ಧಭಾಗ ಗಾಜು. ಜಾಲರಿಯ ಹೊರಗೆ, ಹಾವಿನ ಮೈ ತಾಗದಂತೆ ಹೀಟರ್. ಹೀಟರ್ ಇರುವ ತುದಿ ಬೆಚ್ಚನೆಯ ಬದಿ, ಎದುರಿನ ತುದಿ ತಣ್ಣನೆಯ ಬದಿ. ತಣ್ಣನೆಯ ಬದಿಯ ಗೋಡೆಯಲ್ಲಿ ಕೆಳಗಡೆ ಎರಡು ಗಾಳಿಕಿಂಡಿ, ಬೆಚ್ಚನೆಯ ಬದಿಯಲ್ಲಿ ಮೇಲ್ಗಡೆ ಒಂದು. ಬಿಸಿಗಾಳಿ ಮೇಲೇರಿ ಹೋಗುವಾಗ ಕೆಳಗಿನಿಂದ ಹೊಸ ಗಾಳಿ ಒಳಬರುತ್ತದೆ. ಮುಂಭಾಗದಲ್ಲಿ ಕೆಳಗೆ ಆರಿಂಚಿನ ಗಾಜಿನ ಪಟ್ಟಿ, ಅದರ ಮೇಲೆ ಜಾರುವ ಎರಡು ಬಾಗಿಲು. ಆ ಪಟ್ಟಿ ಇಲ್ಲದಿದ್ದರೆ ತಳದ ಹಾಸು ಬಾಗಿಲು ಜಾರುವ ತೋಡಾದ ಚಾನೆಲ್‌ಗೆ ಬಿದ್ದು ಬಾಗಿಲು ಕಚ್ಚಿಕೊಳ್ಳುತ್ತದೆ. ಬಾಗಿಲು ಮುಂದಿನಿಂದ ತೆರೆಯುವುದಕ್ಕೂ ಕಾರಣವಿದೆ: ಕೈ ಮೇಲಿನಿಂದ ಇಳಿದುಬಂದರೆ ಹಾವು ಅದನ್ನು ಬೇಟೆಯ ಹಕ್ಕಿ ಎರಗಿದಂತೆ ಎಣಿಸಿ ಬೆದರುತ್ತದೆ.

ನಕ್ಷೆ ಹಿಡಿದು ಹೋದಾಗ ಮೀನಿನ ತೊಟ್ಟಿ ಕಟ್ಟುವ ಅಂಗಡಿಯವರು 12 ಮಿಲಿಮೀಟರ್ ಗಾಜು ಬೇಕೇಬೇಕು ಎಂದರು. ಆ ದಪ್ಪ ನೀರಿನ ಒತ್ತಡ ತಡೆಯಲು ಬೇಕಾದದ್ದು, ನಮಗೆ ಬೇಡ. ಗಾಜಿನ ತೂಕದ ಲೆಕ್ಕ ಸುಲಭ: ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. ತಳ, ಹಿಂಬದಿ, ಎರಡು ಬದಿ ಸೇರಿ 24 ಚದರ ಅಡಿ, ಅಂದರೆ ಸುಮಾರು 2.2 ಚದರ ಮೀಟರ್. 8 ಮಿಲಿಮೀಟರ್ ದಪ್ಪದಲ್ಲಿ ಇಷ್ಟೇ 45 ಕಿಲೋ ಮುಟ್ಟುತ್ತದೆ. ಬಾಗಿಲು, ಪಟ್ಟಿ, ತೇವದ ಹಾಸು, ಕಲ್ಲು, ಕುಂಡ, ನೀರು ಎಲ್ಲ ಸೇರಿದರೆ ನೂರು ಕಿಲೋ ದಾಟುತ್ತದೆ. 12 ಮಿಲಿಮೀಟರ್ ತೆಗೆದುಕೊಂಡಿದ್ದರೆ ಗಾಜಿನ ಭಾರವೇ ಒಂದೂವರೆ ಪಟ್ಟಾಗುತ್ತಿತ್ತು. ಹೀಗಾಗಿ ಮೈಗೆ 8 ಮಿಲಿಮೀಟರ್ ಸಾದಾ ಗಾಜು, ದಿನವೂ ಕೈ ತಾಗುವ ಬಾಗಿಲುಗಳಿಗೆ 5 ಮಿಲಿಮೀಟರ್ ಟಫನ್ಡ್ ಗಾಜು ಎಂದು ಗೊತ್ತುಮಾಡಿದೆವು. ಎಲ್ಲ ಅಂಚುಗಳಿಗೂ ಪಾಲಿಶ್ ಹಾಕಿಸಿ. ಜೋಡಿಸುವವರ ಬೆರಳಿಗೂ ಹಾವಿನ ಮೈಗೂ ಅದು ಅಗತ್ಯ.

ಮೊದಲ ಅಡಚಣೆ ಎದುರಾದದ್ದು ರಂಧ್ರಗಳಲ್ಲಿ. ಗಾಳಿಕಿಂಡಿ ಕೊರೆದ ಬದಿಯ ಹಾಳೆಯೊಂದರಲ್ಲಿ, ರಂಧ್ರದಿಂದ ಅಂಚಿಗೆ ಕೂದಲೆಳೆಯಂತಹ ಬಿರುಕೊಂದು ಓಡಿತ್ತು. ಸಿಲಿಕೋನ್ ಹಾಕಿ ಮುಚ್ಚಿಬಿಡೋಣ ಎಂದು ಅಂಗಡಿಯವರು ಹೇಳಿದರೂ ನಾನು ಒಪ್ಪಲಿಲ್ಲ, ಏಕೆಂದರೆ ಬಿಸಿ-ತಂಪಿನ ಏರಿಳಿತ ನಿತ್ಯವೂ ಇರುವ ಕಡೆ ಅಂತಹ ಬಿರುಕು ಮುಂದೆ ಬೆಳೆಯುತ್ತದೆ. ಅವರು ಬೇರೆ ಹಾಳೆ ಕತ್ತರಿಸಿಕೊಟ್ಟರು, ಹಣ ಕೇಳಲಿಲ್ಲ, ಆದರೆ ಹಬ್ಬದ ಸಾಲು ರಜೆಗಳು ನಡುವೆ ಬಂದು ಕೆಲಸ ನಿಂತೇಹೋಯಿತು. ರಂಧ್ರವನ್ನು ಅಂಚಿನಿಂದ ಮೂರಿಂಚಾದರೂ ಒಳಗೆ ಗುರುತಿಸಿಕೊಡಿ, ಮತ್ತು ಹಾಳೆಗಳನ್ನು ಅಂಗಡಿಯಲ್ಲೇ ಬೆಳಕಿಗೆ ಹಿಡಿದು ನೋಡಿ.

ಎರಡನೆಯ ಅಡಚಣೆ ನಮ್ಮ ಮೆಟ್ಟಿಲು. ಕಟ್ಟಿ ಮುಗಿದ ಗೂಡು ಆ ತಿರುವಿನಲ್ಲಿ ತಿರುಗುವುದಿಲ್ಲವೆಂದು ಟೇಪು ಹಿಡಿದಾಗಲೇ ಗೊತ್ತಾಗಿದ್ದರಿಂದ ಹಾಳೆಗಳನ್ನು ಬಿಡಿಬಿಡಿಯಾಗಿ ತಂದು ಕೋಣೆಯಲ್ಲೇ ಜೋಡಿಸುವುದಾಯಿತು. ಅದಕ್ಕೂ ಮೊದಲು ಸ್ಟ್ಯಾಂಡ್ ಬಂದಿತು: ಒಂದಿಂಚಿನ ಚೌಕ ಕಬ್ಬಿಣದ ಪೈಪಿನಲ್ಲಿ ವೆಲ್ಡ್ ಮಾಡಿಸಿ, ರೆಡ್ ಆಕ್ಸೈಡ್ ಬಳಿಸಿ, ಮೇಲೆ 18 ಮಿಲಿಮೀಟರ್ ಪ್ಲೈವುಡ್ ಹಲಗೆ ಹಾಕಿಸಿದ್ದೆ. ಗಾರೆ ಕೆಲಸದವರೊಬ್ಬರ ಹತ್ತಿರ ರಸಮಟ್ಟ ಇಸಿದುಕೊಂಡು ಇಟ್ಟು ನೋಡಿದರೆ ಕೋಣೆಯ ನೆಲವೇ ಒಂದು ಕಡೆಗೆ ಇಳಿಜಾರಾಗಿತ್ತು. ನೆಲ ತೊಳೆದ ನೀರು ಬಾಗಿಲಿಗೆ ಹರಿಯಲೆಂದು ನಮ್ಮಲ್ಲಿ ಹೀಗೆ ಇಳಿಜಾರು ಕೊಡುವುದು ವಾಡಿಕೆ. ಕಾಲುಗಳ ಕೆಳಗೆ ರಬ್ಬರ್ ಬಿಲ್ಲೆಗಳನ್ನು ಕೊಟ್ಟು ಮಟ್ಟ ಮಾಡಿ, ಹಲಗೆಯ ಮೇಲೆ ಒಂದಿಂಚಿನ ಥರ್ಮೋಕೋಲ್ ಹಾಸಿದೆವು. ಮರಳಿನ ಕಣವೊಂದು ಅಡಿಯಲ್ಲಿ ಸಿಕ್ಕಿಕೊಂಡರೂ ಥರ್ಮೋಕೋಲ್ ಅದನ್ನು ಒಳಗೆ ಎಳೆದುಕೊಂಡು ಗಾಜಿನ ಮೇಲೆ ಒತ್ತಡ ಬೀಳದಂತೆ ಕಾಯುತ್ತದೆ. ತಳದಿಂದ ಶಾಖ ಸೋರುವುದನ್ನೂ ತಡೆಯುತ್ತದೆ.

ಸಿಲಿಕೋನ್ ಕೊಳ್ಳುವಾಗ ಬಚ್ಚಲುಮನೆಗೆಂದು ಮಾರುವ, ಬೂಷ್ಟು ಹಿಡಿಯದ ಬಗೆಯನ್ನು ತೆಗೆದುಕೊಳ್ಳಬಾರದು; ಅದರಲ್ಲಿ ಶಿಲೀಂಧ್ರನಾಶಕ ಬೆರೆತಿರುತ್ತದೆ. ಮೀನಿನ ತೊಟ್ಟಿಗೆ ಬಳಸುವುದನ್ನೇ ಕೇಳಿ. ಹಚ್ಚಿದಾಗ ವಿನೆಗರ್‌ನಂತಹ ಘಾಟು ಬರುತ್ತದೆ. ಈ ಅಂಟು ಗಾಳಿಯ ತೇವದಿಂದಲೇ ಗಟ್ಟಿಯಾಗುವುದರಿಂದ ಮಳೆಗಾಲ ಅದಕ್ಕೆ ತೊಂದರೆಯಲ್ಲ, ಆದರೆ ಹೊರಮೈ ಬೇಗ ಗಟ್ಟಿಯಾಗಿ ಒಳಗಿನ ಭಾಗ ನಿಧಾನವಾಗಿ ಒಣಗುತ್ತದೆ. ಗಾಜನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒಂದು ಜೋಡಣೆಯ ಉದ್ದಕ್ಕೂ ಸಿಲಿಕೋನನ್ನು ಒಂದೇ ಸಲಕ್ಕೆ ಹಚ್ಚಿ ಮುಗಿಸಬೇಕು, ಏಕೆಂದರೆ ಗಟ್ಟಿಯಾದ ಸಿಲಿಕೋನ್ ಮೇಲೆ ಹೊಸ ಸಿಲಿಕೋನ್ ಸರಿಯಾಗಿ ಹಿಡಿಯುವುದಿಲ್ಲ. ಜೋಡಿಸಿದ ಮೇಲೆ ಮೂಗಿಗೆ ಘಾಟು ಬರುವುದು ಪೂರ್ತಿ ನಿಲ್ಲುವವರೆಗೆ ಏನನ್ನೂ ಒಳಗಿಡದೆ ಕಿಟಕಿ ತೆರೆದಿಟ್ಟು ಕಾಯಬೇಕು. ಈ ಕಾಯುವಿಕೆಯಲ್ಲಿ ನನಗೆ ತುಂಬ ಚಡಪಡಿಕೆಯಾಗುತ್ತಿತ್ತು. ಪಕ್ಕದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಗೌರಿ ರಾತ್ರಿಯೆಲ್ಲ ಮೂಲೆಯಿಂದ ಮೂಲೆಗೆ ಮೂತಿ ಉಜ್ಜುತ್ತಿದ್ದ ಸದ್ದು ಕೇಳುತ್ತಿತ್ತು. ಆದರೆ ಹಾವಿನ ಶ್ವಾಸಕೋಶ ಸೂಕ್ಷ್ಮವಾದದ್ದು, ಅದರ ವಿಷಯದಲ್ಲಿ ಆತುರ ಸಲ್ಲದು.

ಮೈ ಒಣಗಿ, ಚಾನೆಲ್ ಅಂಟಿಸಿದ ಮೇಲಷ್ಟೇ ಬಾಗಿಲುಗಳ ಅಳತೆ ತೆಗೆದು ಕೊಟ್ಟೆ. ಸಿಲಿಕೋನಿನ ದಪ್ಪ ಸೇರಿ ಮೂಲ ನಕ್ಷೆಗೂ ನಿಂತ ಗೂಡಿಗೂ ಕೆಲವು ಮಿಲಿಮೀಟರ್ ವ್ಯತ್ಯಾಸ ಬಂದೇ ಬರುತ್ತದೆ, ಟಫನ್ಡ್ ಗಾಜನ್ನು ಆಮೇಲೆ ಉಜ್ಜಿ ಸರಿಪಡಿಸಲಾಗುವುದಿಲ್ಲ. ಕಾರ್ಖಾನೆಗೆ ಹೋಗಿ ಬರುವ ಗಾಜಾದ್ದರಿಂದ ಮತ್ತೆ ಕಾಯುವುದಾಯಿತು. ಎರಡು ಬಾಗಿಲುಗಳು ನಡುವೆ ಎರಡಿಂಚು ಒಂದರ ಮೇಲೊಂದು ಬರುವಂತಿರಲಿ. ಚಿನ್ನದಂಗಡಿಯ ಶೋಕೇಸ್‌ಗಳಿಗೆ ಹಾಕುವ, ಹಲ್ಲುಪಟ್ಟಿಯ ಬೀಗ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ಗಾಜು ಕೊರೆಯಬೇಕಾಗಿಲ್ಲ. ಬೀಗ ಖಂಡಿತ ಬೇಕು. ಹಾವು ಮೂತಿಯನ್ನು ಸಂದಿನಲ್ಲಿ ಒತ್ತಿ ಜಾರುವ ಬಾಗಿಲನ್ನು ಸರಿಸಬಲ್ಲದು.

ಈ ನಡುವೆ ಎಸ್.ಪಿ. ರಸ್ತೆಯಲ್ಲಿ ವಿದ್ಯುತ್ ಸಾಮಾನುಗಳನ್ನು ಕೂಡಿಸಿದೆ. ಸೆರಾಮಿಕ್ ಹೀಟರ್‌ಗೆ ಪಿಂಗಾಣಿ ಹೋಲ್ಡರ್ ಬೇಕು, ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ. ತಾಪ ನೋಡಿಕೊಂಡು ಕರೆಂಟ್ ಕೊಡುವ, ಕಡಿಯುವ ಥರ್ಮೋಸ್ಟಾಟ್ ಇಲ್ಲದೆ ಯಾವ ಹೀಟರನ್ನೂ ಹಚ್ಚಬಾರದು. ಆನ್-ಆಫ್ ಆಗುವ ಅಗ್ಗದ ಥರ್ಮೋಸ್ಟಾಟ್ ಸೆರಾಮಿಕ್‌ಗೆ ಸಾಕು, ಆದರೆ ಅದರೊಳಗೆ ಸ್ವಿಚ್ಚಿನಂತೆ ಕೆಲಸ ಮಾಡುವ ರಿಲೇ ಒಮ್ಮೆ ಅಂಟಿಕೊಂಡುಬಿಟ್ಟರೆ ಹೀಟರ್ ಆರುವುದೇ ಇಲ್ಲ. ಅದಕ್ಕಾಗಿ ಎರಡು ಥರ್ಮೋಸ್ಟಾಟ್‌ಗಳನ್ನು ಸಾಲಾಗಿ ಜೋಡಿಸಿಸಿದೆ: ಮೊದಲನೆಯದು 32 ಡಿಗ್ರಿಗೆ, ಎರಡನೆಯದು 36 ಡಿಗ್ರಿಗೆ. ಮೊದಲನೆಯದು ಕೈಕೊಟ್ಟರೆ ಎರಡನೆಯದು ಕರೆಂಟ್ ಕಡಿದುಹಾಕುತ್ತದೆ. ಸಾವಿರ ರೂಪಾಯಿಯೊಳಗಿನ ಈ ಹೆಚ್ಚುವರಿ ಖರ್ಚನ್ನು ಯಾರೂ ಉಳಿಸಲು ಹೋಗಬಾರದು ಎಂದು ನನ್ನ ಕಳಕಳಿಯ ಕೋರಿಕೆ. ತಾಪ ಅಳೆಯುವ ವೈರಿನ ತುದಿಯನ್ನು ಟೇಪಿನಿಂದ ಅಂಟಿಸಬೇಡಿ. ಟೇಪು ಹಾವಿನ ಹುರುಪೆಗಳಿಗೆ ಹಿಡಿದರೆ ಕೀಳುವಾಗ ಚರ್ಮವೇ ಕಿತ್ತುಬರುತ್ತದೆ. ನಾನು ಸಿಲಿಕೋನಿನ ಚುಕ್ಕೆ ಇಟ್ಟು ಕೂರಿಸಿದೆ.

ತೇವಮಾಪಕಗಳನ್ನು ನಂಬುವ ಮೊದಲು ಪರೀಕ್ಷಿಸಿಕೊಳ್ಳಿ. ಬಾಟಲಿಯ ಮುಚ್ಚಳವೊಂದರಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಂತಾಗುವಷ್ಟು ಮಾತ್ರ ನೀರು ಬೆರೆಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ ಒಳಗಿನ ತೇವಾಂಶ ಶೇ 75ಕ್ಕೆ ನಿಲ್ಲುತ್ತದೆ. ನಾನು ತಂದ ಎರಡರಲ್ಲಿ ಒಂದು 75 ತೋರಿಸಿದರೆ ಇನ್ನೊಂದು 66 ತೋರಿಸಿತು. ಎರಡನೆಯದನ್ನು ನಂಬಿದ್ದರೆ ಗೂಡು ಸದಾ ಅತಿಯಾಗಿ ಒದ್ದೆಯಾಗಿರುತ್ತಿತ್ತು. ತೇವ ಕಡಿಮೆಯಾದರೆ ಪೊರೆ ಚೂರುಚೂರಾಗಿ ಬಿಟ್ಟು ಕಣ್ಣಿನ ಮೇಲೆ ಉಳಿದುಬಿಡುತ್ತದೆ, ತಂಪಿನ ಜೊತೆ ತೇವ ಹೆಚ್ಚಾದರೆ ಉಸಿರಾಟದ ಸೋಂಕು ಹಿಡಿಯುತ್ತದೆ. ಈ ಜಾತಿಗೆ ಶೇ 60ರಿಂದ 70 ಹಿತ.

ನಂತರ ಬಂದದ್ದು ಪರೀಕ್ಷೆಯ ಕಾಲ, ಮತ್ತು ಇಡೀ ಕೆಲಸದಲ್ಲಿ ನನಗೆ ಅತ್ಯಂತ ಬೆಲೆಬಾಳುವುದೆನಿಸಿದ್ದೂ ಅದೇ. ಗೂಡು ಖಾಲಿಯಿರುವಾಗಲೇ ಹೀಟರ್ ಹಚ್ಚಿ, ನಡುಹಗಲು, ಮಲಗುವ ಮುನ್ನ ಮತ್ತು ಸೂರ್ಯ ಹುಟ್ಟುವ ಮೊದಲು ಎರಡೂ ಬದಿಯ ತಾಪವನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದೆ. ಹಗಲಿನಲ್ಲಿ ಎಲ್ಲವೂ ಸರಿಯಿತ್ತು. ಚಳಿ ಶುರುವಾಗಿ ಹೊರಗೆ 16 ಡಿಗ್ರಿಗೆ ಇಳಿದ ರಾತ್ರಿ, 100 ವಾಟ್‌ನ ಹೀಟರ್ ಬೆಳಗಿನವರೆಗೆ ಬಿಡದೆ ಉರಿದರೂ ಬೆಚ್ಚನೆಯ ಬದಿ 28 ದಾಟಲಿಲ್ಲ, ತಣ್ಣನೆಯ ಬದಿ 22ಕ್ಕೆ ಕುಸಿದಿತ್ತು. ಆಗ ಒಳಗೆ ಹಾವು ಇರಲಿಲ್ಲವೆಂಬುದೇ ದೊಡ್ಡ ಸಮಾಧಾನ.

ಹೀಟರಿನಿಂದ ತಳಕ್ಕೆ ಎರಡಡಿ ದೂರ, ನಾಲ್ಕೂ ಕಡೆ ಬರಿಯ ಗಾಜು, ಮೇಲೆ ಜಾಲರಿ. ಶಾಖ ನಿಲ್ಲುವುದಕ್ಕೆ ಜಾಗವೇ ಇರಲಿಲ್ಲ. ಪರಿಹಾರಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಹಿಂಬದಿ ಮತ್ತು ಎರಡು ಬದಿಗಳ ಹೊರಗೆ, ಗಾಳಿಕಿಂಡಿಗಳನ್ನು ಬಿಟ್ಟು, ಥರ್ಮೋಕೋಲ್ ಹಾಳೆ ಕಟ್ಟಿ ಅದರ ಮೇಲೆ ಕಪ್ಪು ಕಾಗದ ಹೊದಿಸಿದೆ. ಇದರಿಂದ ಶಾಖವೂ ಉಳಿಯಿತು, ನಾಲ್ಕೂ ಕಡೆಯಿಂದ ಬಯಲಿಗೆ ಬಿದ್ದಂತಿದ್ದ ಗೂಡಿಗೆ ಮರೆಯೂ ಸಿಕ್ಕಿತು. ಅಡಗಿ ಬದುಕುವ ಜೀವಕ್ಕೆ ಆ ಮರೆ ಶಾಖದಷ್ಟೇ ಮುಖ್ಯ. ಹೀಟರಿನ ಸುತ್ತಲಿನ ಜಾಲರಿಯ ಬಹುಭಾಗವನ್ನು ಅಲ್ಯೂಮಿನಿಯಂ ಫಾಯಿಲ್‌ನಿಂದ ಮುಚ್ಚಿದೆ. ಒಂದೂವರೆ ಅಡಿ ಚೌಕದ ಕಡಪಾ ಕಲ್ಲಿನ ತುಂಡೊಂದನ್ನು ಅಡುಗೆಕಟ್ಟೆಯ ಕೆಲಸ ಮಾಡುವವರಿಂದ ತಂದು, ಇಟ್ಟಿಗೆಗಳ ಮೇಲೆ ಎತ್ತರಿಸಿ ಹೀಟರಿಗೆ ಹತ್ತಿರವಾಗಿಸಿದೆ. ಹೀಟರನ್ನು 150 ವಾಟ್‌ಗೆ ಬದಲಿಸಿದೆ. ಈಗ ಕಲ್ಲಿನ ಮೇಲ್ಮೈ 32-33, ತಣ್ಣನೆಯ ಬದಿ 25-26 ಡಿಗ್ರಿಯಲ್ಲಿ ನಿಲ್ಲುತ್ತದೆ. ರಾತ್ರಿ ಹೀಟರ್ ಆರಿದ ಮೇಲೂ ಕಲ್ಲು ಬಹಳ ಹೊತ್ತು ಬೆಚ್ಚಗಿರುತ್ತದೆ. ಕಲ್ಲು ಹೊತ್ತ ಇಟ್ಟಿಗೆಗಳು ಹಾಸಿನ ಮೇಲಲ್ಲ, ತಳದ ಗಾಜಿನ ಮೇಲೆ ಹಾಸಿದ ತೆಳು ರಬ್ಬರಿನ ಮೇಲೆ ನೇರವಾಗಿ ಕೂತಿರಬೇಕು. ಇಲ್ಲದಿದ್ದರೆ ಹಾವು ಅಡಿಯಲ್ಲಿ ತೋಡಿದಾಗ ಹತ್ತು ಕಿಲೋ ಮೀರುವ ಕಲ್ಲು ಅದರ ಮೇಲೆ ಜರಿಯುತ್ತದೆ.

ಕರೆಂಟ್ ಹೋದಾಗಿನ ಸ್ಥಿತಿಯನ್ನೂ ಹೀಟರ್ ಆರಿಸಿ ಪರೀಕ್ಷಿಸಿದೆ. ಒಂದೆರಡು ಗಂಟೆ ಕಲ್ಲು ಮತ್ತು ಥರ್ಮೋಕೋಲ್ ನಿಭಾಯಿಸುತ್ತವೆ. ಮನೆಯ ಇನ್ವರ್ಟರ್ ಬ್ಯಾಟರಿ 150 ಆಂಪಿಯರ್-ಅವರ್‌ನದಾದ್ದರಿಂದ ಒಂದು ರಾತ್ರಿಯ ಮಟ್ಟಿಗೆ ಭಯವಿಲ್ಲ. ಹೀಟರ್ ಸರಾಸರಿ ಅರ್ಧ ಹೊತ್ತು ಉರಿಯುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 1.8 ಯೂನಿಟ್, ತಿಂಗಳಿಗೆ 54 ಯೂನಿಟ್ ವಿದ್ಯುತ್ ತಗಲುತ್ತದೆ.

ಒಳಗಿನ ಅಲಂಕಾರಕ್ಕೆ ವಿದೇಶಿ ಸಾಮಾನಿನ ಅಗತ್ಯವೇ ಬೀಳಲಿಲ್ಲ. ತಳಕ್ಕೆ ನರ್ಸರಿಯಲ್ಲಿ ಸಿಗುವ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ತೆಂಗಿನ ಸಿಪ್ಪೆಯ ತುಂಡುಗಳು, ಮೂರಿಂಚು ದಪ್ಪಕ್ಕೆ. ಕೊಕೊಪೀಟ್‌ನಲ್ಲಿ ಉಪ್ಪಿನಂಶ ಇರುವುದುಂಟು, ಆದ್ದರಿಂದ ಎರಡು ಮೂರು ನೀರು ತೊಳೆದು ಹಿಂಡಿ ಒಣಗಿಸಬೇಕು. ಮರದ ಹೊಟ್ಟು ಬೇಡ. ನೀಲಗಿರಿ, ದೇವದಾರುಗಳ ಎಣ್ಣೆಯ ಅಂಶ ಹಾವಿಗೆ ಹಾನಿ. ಅಡಗುದಾಣಕ್ಕೆ ಪಾಟರಿ ಟೌನ್‌ನಿಂದ ಒಂದೇ ಅಳತೆಯ ಎರಡು ಮಣ್ಣಿನ ಕುಂಡ ತಂದು, ಬಾಯಿ ಕೊರೆಸಿ, ಅಂಚನ್ನು ಉಪ್ಪುಕಾಗದದಲ್ಲಿ ನುಣುಪಾಗಿಸಿ ಬೋರಲು ಹಾಕಿದೆ. ಬೆಚ್ಚನೆಯ ಬದಿಗೊಂದು, ತಣ್ಣನೆಯ ಬದಿಗೊಂದು. ಒಂದೇ ಅಡಗುದಾಣವಿದ್ದರೆ ಹಾವು ತನಗೆ ಬೇಕಾದ ತಾಪಕ್ಕಿಂತ ಮರೆಯನ್ನೇ ಆರಿಸಿಕೊಂಡು ಅಲ್ಲೇ ಕೂತುಬಿಡುತ್ತದೆ. ಕುಂಡ ದೊಡ್ಡದಿರಬಾರದು, ಸುರುಳಿಯ ಮೈ ಗೋಡೆಗೆ ತಾಗುವಷ್ಟಿದ್ದರೆ ಅದಕ್ಕೆ ಧೈರ್ಯ. ಹತ್ತಲು ಚಿಕ್ಕಮಗಳೂರಿನ ಪರಿಚಿತರು ಕಳುಹಿಸಿದ ಕಾಫಿ ಗಿಡದ ಕಾಂಡವನ್ನು ಕುದಿಯುವ ನೀರು ಸುರಿದು, ಬಿಸಿಲಿನಲ್ಲಿ ಒಣಗಿಸಿ, ಅಲುಗದಂತೆ ಬಿಗಿದೆ. ನೀರಿಗೆ ಮಗುಚದಂತಹ ಭಾರದ ಪಿಂಗಾಣಿ ಬೋಗುಣಿ.

ಮನೆಯವರಿಗೂ, ನೆಲ ಒರೆಸಲು ಬರುವವರಿಗೂ ಮುಂಚಿತವಾಗಿ ಹೇಳಿಡಬೇಕಾದ ಮಾತೊಂದಿದೆ. ಆ ಕೋಣೆಗೆ ಫಿನಾಯಿಲ್ ಬಳಸುವಂತಿಲ್ಲ. ಅದು ಸರೀಸೃಪಗಳಿಗೆ ವಿಷ. ಜಿರಳೆ ಸ್ಪ್ರೇ, ಸೊಳ್ಳೆಬತ್ತಿ, ನುಸಿಗುಳಿಗೆ, ಧೂಪದ ಹೊಗೆ ಇವೆಲ್ಲವೂ ವರ್ಜ್ಯ. ಗೂಡನ್ನು ನೀರು ಬೆರೆಸಿದ ಸೋಂಕುನಾಶಕ ಕ್ಲೋರ್‌ಹೆಕ್ಸಿಡಿನ್‌ನಿಂದ ಒರೆಸಿ, ಮತ್ತೆ ಬರಿಯ ನೀರಿನಲ್ಲಿ ಒರೆಸಿ ಒಣಗಿಸುತ್ತೇನೆ. ಹಾವನ್ನೋ ಗೂಡಿನ ವಸ್ತುಗಳನ್ನೋ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಲೇಬೇಕು, ಏಕೆಂದರೆ ಆರೋಗ್ಯವಂತ ಹಾವಿನಲ್ಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ಅಂಕಿಗಳು ರಾತ್ರಿ ಹಗಲು ಅಲುಗದೆ ನಿಂತ ಮೇಲೆ ಗೌರಿಯನ್ನು ಹೊಸ ಗೂಡಿಗೆ ಬಿಟ್ಟೆ. ಹಳೆಯ ಪೆಟ್ಟಿಗೆಯ ಹಾಸಿನಲ್ಲಿ ಶುಚಿಯಾಗಿದ್ದ ಒಂದು ಹಿಡಿಯನ್ನು ಜೊತೆಗೆ ಹಾಕಿದೆ, ಪರಿಚಿತ ವಾಸನೆ ಇರಲೆಂದು. ಆಕೆ ನಾಲಿಗೆ ಆಡಿಸುತ್ತ ಮೂಲೆ ಮೂಲೆ ಸುತ್ತಿ, ಕೊನೆಗೆ ತಣ್ಣನೆಯ ಬದಿಯ ಕುಂಡದೊಳಗೆ ಸೇರಿಕೊಂಡಳು. ಮೊದಲ ವಾರವಿಡೀ ಮುಟ್ಟಲಿಲ್ಲ, ನೀರು ಮಾತ್ರ ಬದಲಿಸಿದೆ. ಆಮೇಲೆ ಕೊಟ್ಟ ಇಲಿಯನ್ನು ಆಕೆ ಮೂಸಿಯೂ ನೋಡಲಿಲ್ಲ. ಮುಂದಿನ ಸಲವೂ ಹಾಗೆಯೇ ಆಯಿತು. ಈ ಜಾತಿಯ ಹಾವುಗಳು ಜಾಗ ಬದಲಾದಾಗ ತಿಂಗಳುಗಟ್ಟಲೆ ಉಪವಾಸ ಮಾಡುವುದು ಹೊಸದಲ್ಲ ಎಂದು ತಿಳಿದಿದ್ದರೂ ಎದೆ ಭಾರವಾಗುತ್ತಿತ್ತು. ಪಶುವೈದ್ಯರು ಕೊಟ್ಟ ಸಲಹೆ ಸರಳವಾಗಿತ್ತು: ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ತೂಕ ಶೇ 10ಕ್ಕಿಂತ ಇಳಿದರೆ ಅಥವಾ ಬಾಯಿ ತೆರೆದು ಉಸಿರಾಡಿದರೆ ಕರೆದುಕೊಂಡು ಬನ್ನಿ, ಅಲ್ಲಿಯವರೆಗೆ ಬಿಟ್ಟುಬಿಡಿ. 1,420 ಗ್ರಾಂ ಇದ್ದದ್ದು 1,390ಕ್ಕೆ ಇಳಿದು ಅಲ್ಲೇ ನಿಂತಿತು. ನಾನು ಗೂಡಿನ ಮುಂಭಾಗಕ್ಕೂ ಬಟ್ಟೆಯ ಪರದೆ ಇಳಿಬಿಟ್ಟೆ. ಶೈತ್ಯೀಕರಿಸಿದ ಇಲಿಯನ್ನು ಕರಗಿಸಿ, ಬಿಸಿನೀರಿನಲ್ಲಿ ಮೈಬಿಸಿಯಾಗುವಷ್ಟು ಬೆಚ್ಚಗೆ ಮಾಡಿ, ದೀಪ ಆರಿಸಿ ಉದ್ದನೆಯ ಚಿಮಟದಲ್ಲಿ ಹಿಡಿದೆ. ತುಟಿಯ ಮೇಲಿನ ಗುಳಿಗಳಿಂದ ಅವು ಶಾಖವನ್ನು ಗ್ರಹಿಸುವುದರಿಂದ ತಣ್ಣನೆಯ ಇಲಿ ಅವುಗಳಿಗೆ ಆಹಾರವೆಂದೇ ತೋರುವುದಿಲ್ಲ. ಆ ರಾತ್ರಿ ಆಕೆ ಕುಂಡದ ಬಾಯಿಯಿಂದ ಮಿಂಚಿನಂತೆ ಎರಗಿ ಸುತ್ತಿ ಹಿಡಿದಾಗ ನನ್ನ ಕಣ್ಣು ತುಂಬಿಬಂದವು.

ಖರ್ಚಿನ ಲೆಕ್ಕ ಕೇಳುವವರಿಗೆ: ಕೊರೆತ, ಪಾಲಿಶ್ ಸೇರಿ ಗಾಜಿಗೆ 5,500, ಬಾಗಿಲು-ಚಾನೆಲ್-ಬೀಗಕ್ಕೆ 3,000, ಸ್ಟ್ಯಾಂಡಿಗೆ 6,500, ವಿದ್ಯುತ್ ಸಾಮಾನು ಮತ್ತು ಮಾಪಕಗಳಿಗೆ 5,500, ಒಳಗಿನ ವಸ್ತುಗಳಿಗೆ 3,500 ರೂಪಾಯಿ. ಸಿಲಿಕೋನ್, ಜಾಲರಿ, ಸಾಗಣೆ, ವೈದ್ಯರ ಶುಲ್ಕ ಎಲ್ಲ ಕೂಡಿಸಿದರೆ ಒಟ್ಟು 30,000ದ ಆಸುಪಾಸು. ಹಣ ಹೊಂದಿಸಿಕೊಳ್ಳಬೇಕಾದವರು ಸ್ಟ್ಯಾಂಡಿನ ಬದಲು ಗಟ್ಟಿ ಹಳೆಯ ಮೇಜು ಬಳಸಬಹುದು. ಥರ್ಮೋಸ್ಟಾಟ್‌ನಲ್ಲಿ, ಬೀಗದಲ್ಲಿ ಮಾತ್ರ ಕಡಿತ ಬೇಡ.

ಬೇಸಿಗೆಯ ಸಿದ್ಧತೆ ಇನ್ನೂ ಬಾಕಿಯಿದೆ. ಏಪ್ರಿಲ್‌ನಲ್ಲಿ ನಮ್ಮ ಕೋಣೆಯೇ 33 ಡಿಗ್ರಿ ಮುಟ್ಟುವುದರಿಂದ ಆಗ ತಣ್ಣನೆಯ ಬದಿಯನ್ನು ತಣ್ಣಗೆ ಇಡುವುದೇ ಕಷ್ಟದ ಕೆಲಸವಾಗುತ್ತದೆ. ಹಿಂಬದಿಯ ಥರ್ಮೋಕೋಲನ್ನು ಕಳಚಲು ಬರುವಂತೆ ವೆಲ್ಕ್ರೋದಿಂದ ಕಟ್ಟಿದ್ದು ಅದಕ್ಕಾಗಿಯೇ. ಫೆಬ್ರವರಿಯ ಕೊನೆಗೆ ಅದನ್ನು ಬಿಚ್ಚಿ, ಗೂಡನ್ನು ಪಶ್ಚಿಮದ ಕಿಟಕಿಯ ಬಿಸಿಲು ಬೀಳದ ಗೋಡೆಗೆ ಸರಿಸಿ, ಅಂಕಿಗಳನ್ನು ಮತ್ತೆ ಮೊದಲಿನಿಂದ ಬರೆದುಕೊಳ್ಳಬೇಕಾಗಿದೆ.